ಭಾನುವಾರದ ನಾಟಕ, ಗುರುವಾರವೂ

ಈಗ ಟಿವಿಯಲ್ಲಿ ಮರುಪ್ರಸಾರ ಅಂದರೆ ಯಾರೂ ಬೆವರುವುದಿಲ್ಲ. ನಿನ್ನೆಯ ಕಂತು ಮತ್ತೆ ಬರುತ್ತಿರುವಾಗ ಅದರ ನಾಯಕಿ ಮನೆಯಲ್ಲಿ ಗೊರಕೆ ಹೊಡೆಯುತ್ತಿರಬಹುದು. ಎರಡನೇ ಮಹಾಯುದ್ಧಕ್ಕೆಂದು ನಿಂತಿದ್ದ ಟೆಲಿವಿಷನ್ನನ್ನು ಬಿಬಿಸಿ 1946ರ ಜೂನ್‌ನಲ್ಲಿ ಮತ್ತೆ ಶುರುಮಾಡಿದಾಗ ಈ ಸುಖ ಇರಲಿಲ್ಲ. ಭಾನುವಾರ ರಾತ್ರಿಯ ನಾಟಕವನ್ನು ಗುರುವಾರ ಮತ್ತೆ ತೋರಿಸಬೇಕೆಂದರೆ ಅದೇ ನಟನಟಿಯರು ಬಂದು, ಬಣ್ಣ ಹಚ್ಚಿಕೊಂಡು, ಮೊದಲಿನಿಂದ ಕೊನೆಯವರೆಗೆ ಆಡಬೇಕು. ಕೆಲಸಕ್ಕೆ ಬರುವಂಥ ವಿಡಿಯೊ ಟೇಪ್ ಯಂತ್ರ ಬಂದದ್ದೇ 1956ರಲ್ಲಿ.

ಇದರಲ್ಲಿ ನನಗೆ ಇಷ್ಟ, ತೆರೆಯ ಮೇಲೆ ಕಾಣದ ಓಟ. ಈ ಸೆಟ್ಟಿನಲ್ಲಿ ಮಾತು ಮುಗಿಸಿದವನು ಕೇಬಲ್ಲು ಎಡವದಂತೆ ಆ ಸೆಟ್ಟಿಗೆ ಓಡಿ, ದಾರಿಯಲ್ಲೇ ಕೋಟು ಬದಲಾಯಿಸಿ, ಬೆಳಗಿನಿಂದ ಅಲ್ಲೇ ಕೂತಿದ್ದವನ ಮುಖ ಹೊತ್ತುಕೊಳ್ಳಬೇಕು. ನಮ್ಮ ಕಂಪನಿ ನಾಟಕವಾದರೆ ಹಾರ್ಮೋನಿಯಂ ಮಾಸ್ತರು ಒಂದು ಸುತ್ತು ಹೆಚ್ಚಿಗೆ ನುಡಿಸಿ ಮಾನ ಕಾಯುತ್ತಿದ್ದರು. ಬಿಬಿಸಿಯವರು ಮೊದಲೇ ಚಿತ್ರೀಕರಿಸಿಟ್ಟ ಫಿಲ್ಮ್ ತುಣುಕೊಂದನ್ನು ನಡುವೆ ತೂರಿಸುತ್ತಿದ್ದರು.

ಅಮೆರಿಕದಲ್ಲಿ ಜಾಹೀರಾತೂ ನೇರಪ್ರಸಾರವೇ. ಒಮ್ಮೆ ಫ್ರಿಜ್ಜಿನ ಗುಣಗಾನ ಮಾಡುತ್ತಿದ್ದ ಹೆಣ್ಣುಮಗಳು ಎಷ್ಟು ಎಳೆದರೂ ಅದರ ಬಾಗಿಲು ತೆರೆಯಲೇ ಇಲ್ಲ. ನಾಟಕದ ಮಾತು ಮರೆತರೆ ಎದುರಿನ ನಟ ಎತ್ತಿಕೊಟ್ಟಾನು. ಫ್ರಿಜ್ಜಿಗೆ ಯಾರು ಹೇಳಿಕೊಡಬೇಕು?

ನೇರಪ್ರಸಾರದ ಆ ಕಾಲದ ದೊಡ್ಡ ಗಲಾಟೆ, ಬಿಬಿಸಿ ನಾಟಕ ಮಾಡಿ ತೋರಿಸಿದ ಆರ್ವೆಲ್ಲರ ‘ನೈನ್ಟೀನ್ ಎಯ್ಟಿ ಫೋರ್’ ಕಾದಂಬರಿಯದು. 1954ರ ಡಿಸೆಂಬರ್ 12, ಭಾನುವಾರ. ನಿರ್ದೇಶಕ ರುಡಾಲ್ಫ್ ಕಾರ್ಟಿಯರ್, ಕಥಾನಾಯಕ ವಿನ್‌ಸ್ಟನ್ ಸ್ಮಿತ್ ಆಗಿ ಪೀಟರ್ ಕುಶಿಂಗ್. ವಾದ್ಯವೃಂದ ಕೂಡ ಪಕ್ಕದ ಸ್ಟುಡಿಯೊದಲ್ಲಿ ಕೂತು ಆ ಹೊತ್ತಿಗೇ ನುಡಿಸಿತು. ಚಿತ್ರಹಿಂಸೆ, ಇಲಿ ನೋಡಿ ಜನ ಬೆಚ್ಚಿದರು, ಬೈದರು. ವಿಷಯ ಪಾರ್ಲಿಮೆಂಟಿಗೂ ಹೋಯಿತು. ಬಿಬಿಸಿ ಜಗ್ಗಲಿಲ್ಲ, ಗುರುವಾರದ ಆಟ ನಡೆದೇ ಹೋಯಿತು. ಪಾಪ, ಕುಶಿಂಗ್! ಒಮ್ಮೆ ಇಲಿಗೆ ಹೆದರಿ ಮುಗಿಸಿದವರು ನಾಲ್ಕೇ ದಿನಕ್ಕೆ, ಅದೇ ಇಲಿಗೆ, ಮತ್ತೆ ಹೊಸದಾಗಿ ಹೆದರಬೇಕಾಯಿತು.

ಪರದೆಯ ಮೇಲಿನ ಚಿತ್ರವನ್ನೇ ಫಿಲ್ಮಿಗಿಳಿಸುವ ಉಪಾಯದಿಂದ ಇಂದು ಉಳಿದಿರುವುದು ಆ ಗುರುವಾರದ ಪ್ರಯೋಗ ಮಾತ್ರ. ಹಾಗಾಗಿ ಎರಡನ್ನೂ ನೋಡಿದ ಹಿರಿಯರು ಯಾರಾದರೂ “ಏನೇ ಹೇಳು, ಭಾನುವಾರದ್ದರ ಮುಂದೆ ಇದು ಸಪ್ಪೆ” ಎಂದು ಮೂಗು ಮುರಿದಿದ್ದರೆ, ಅವರ ಜೊತೆ ವಾದಕ್ಕಿಳಿಯುವವರ ಕೈಯಲ್ಲಿ ಏನೂ ಇಲ್ಲ.