ನವನಗರದ ರಸ್ತೆ ಅಗಲ ಅದ, ಖರೆ. ದಾಟೂದು ಹೆಂಗ?

ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಬಿಟ್ಟುಕೊಟ್ಟವರಿಗಾಗಿ ಕಟ್ಟಿದ ಊರು ನವನಗರ. ನಕ್ಷೆ ಹಾಕಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಓಣಿಯಲ್ಲಿ ಕಿರಾಣಿ, ಗಿರಣಿ, ಗುಡಿ ಎಲ್ಲ ಕಾಲಳತೆಯಲ್ಲಿದ್ದವು. ಸೆಕ್ಟರಿನಲ್ಲಿ ಇವೆಲ್ಲ ಅಗಲ ರಸ್ತೆಯ ಆಚೆ ದಂಡೆಗೆ ಹೋದವು. ಗಾಡಿ ಇದ್ದವರಿಗೆ ಇದು ಗೊತ್ತೇ ಆಗಲಿಲ್ಲ. ಮುದುಕರು, ಸಾಲಿ ಮಕ್ಕಳು, ಕಣ್ಣು ಮಂದಾದವರು, ಲೈಸೆನ್ಸ್ ಇಲ್ಲದ ಹೆಣ್ಣುಮಕ್ಕಳಿಗೆ ದಿನಾ ಗೊತ್ತಾಗುತ್ತದೆ.

ಲೆಕ್ಕ ಹಾಕಿ. ನಾಲ್ಕು ಲೇನಿನ ರಸ್ತೆ ಅಂದರೆ 14 ಮೀಟರ್. ಗಟ್ಟಿಮುಟ್ಟಾದವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ, ದಾಟಲು 12 ಸೆಕೆಂಡು. ಮೊಣಕಾಲು ನೋವಿನ ಅಜ್ಜಿಯ ವೇಗ 0.8 ಎಂದರೆ 17 ಸೆಕೆಂಡು ದಾಟುತ್ತದೆ. 50 ಕಿ.ಮೀ. ವೇಗದ ಬೈಕು ಅಷ್ಟರಲ್ಲಿ 240 ಮೀಟರ್ ಬಂದಿರುತ್ತದೆ. ಅಷ್ಟು ದೂರ ಯಾವ ಅಜ್ಜಿಗೆ ಕಾಣಿಸಬೇಕು? ನಡುವೆ ನಿಲ್ಲಲು ಜಾಗ ಇದ್ದರೆ ಒಮ್ಮೆಗೆ 7 ಮೀಟರ್ ದಾಟಿದರೆ ಸಾಕು, ಕಾಯಬೇಕಾದ ಅಂತರವೂ ಅರ್ಧಕ್ಕಿಳಿಯುತ್ತದೆ.

ಡಿವೈಡರ್ ಇದೆಯಲ್ಲ ಅನ್ನಬೇಡಿ. ಹತ್ತಿ ಇಳಿಯುವ ಡಿವೈಡರ್ ನಿಲ್ಲುವ ಜಾಗ ಅಲ್ಲ. ಝೀಬ್ರಾ ಪಟ್ಟಿ ಬಂದಲ್ಲಿ ಅದನ್ನು ರಸ್ತೆ ಮಟ್ಟಕ್ಕೇ ಕತ್ತರಿಸಬೇಕು. ಡಿವೈಡರ್ ಅಗಲ 1.2 ಮೀಟರಿಗಿಂತ ಕಡಿಮೆ ಇದ್ದರೆ ಗಾಲಿಕುರ್ಚಿಯ ಚಕ್ರ ಲೇನಿನಲ್ಲೇ ಉಳಿಯುತ್ತದೆ. 2 ಮೀಟರ್ ಇದ್ದರೆ ಚೊಲೊ. ಆ ತೆರಪಿನ ಆಚೀಚೆ ಕಣಗಿಲು ಬೆಳೆಸಬಾರದು, ಗಿಡದ ಹಿಂದೆ ನಿಂತ ಹುಡುಗ ಡ್ರೈವರನಿಗೆ ಕಾಣುವುದಿಲ್ಲ. ಬರೀ ಬಣ್ಣದ ಪಟ್ಟಿಗೆ ನಮ್ಮಲ್ಲಿ ಯಾರೂ ನಿಲ್ಲುವುದಿಲ್ಲ, ಅದನ್ನು ಒಪ್ಪಿಕೊಂಡೇ ಕೆಲಸ ಮಾಡಬೇಕು. ಸಾಲಿ ಮುಂದೆ, ದವಾಖಾನೆ ಮುಂದೆ ಪಟ್ಟಿಯನ್ನೇ 10 ಸೆಂ.ಮೀ. ಎತ್ತರಿಸಿ, ಮೇಲೆ ಚಪ್ಪಟೆ ಬಿಡಿ. ಅಂಚಿನಲ್ಲಿ ಮಳೆನೀರು ಹೋಗಲು ದಾರಿ ಇಡದಿದ್ದರೆ ಒಂದೇ ಮಳೆಗಾಲಕ್ಕೆ ಡಾಂಬರು ಕಿತ್ತು ಬರುತ್ತದೆ, "ಹಂಪ್ ಬ್ಯಾಡ" ಅನ್ನೋರಿಗೆ ನೆವ ಸಿಗುತ್ತದೆ.

ಇನ್ನು ಫುಟ್‌ಪಾತ್ ರ‍್ಯಾಂಪು. ಹೆಚ್ಚು ಕೆಡುವುದು ಇಲ್ಲಿಯೇ. ಗಾಲಿಕುರ್ಚಿಗೆ ಬೇಕಾದ 1:12 ಇಳಿಜಾರು ಅಂದರೆ 15 ಸೆಂ.ಮೀ. ಎತ್ತರಕ್ಕೆ 1.8 ಮೀಟರ್ ಉದ್ದ. ಗುತ್ತಿಗೆದಾರರು ಎರಡು ಬುಟ್ಟಿ ಕಾಂಕ್ರೀಟ್ ಸುರಿದು 60 ಸೆಂ.ಮೀ.ನಲ್ಲಿ ಮುಗಿಸುತ್ತಾರೆ. ಅದು 1:4. ಆ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚಬಹುದು. ಬುಡದಲ್ಲಿ ಎರಡು ಬೆರಳಿನ ಅಂಚು ಬಿಟ್ಟರೆ ಮುಂದಿನ ಸಣ್ಣ ಚಕ್ರ ಸಿಕ್ಕಿಬೀಳುತ್ತದೆ. ಬೈಕು ಹತ್ತಬಾರದೆಂದು ನೆಟ್ಟ ಕಂಬಗಳ ನಡುವೆ 1.2 ಮೀಟರ್ ಇಲ್ಲದಿದ್ದರೆ ರ‍್ಯಾಂಪು ಇದ್ದೂ ಇಲ್ಲದಂತೆ. ಕಣ್ಣು ಕಾಣದವರು ಕಾಲಿನಿಂದ ಗುರುತಿಸುವ ಗೆರೆಯ ಹಳದಿ ಟೈಲ್ಸ್ ಅಂದರೆ "ನಡಿ", ಚುಕ್ಕೆಯದು ಅಂದರೆ "ನಿಲ್ಲು". ಗೆರೆಯ ಸಾಲು ನೇರ ಕರೆಂಟ್ ಕಂಬಕ್ಕೆ ಹೋಗಿ ಮುಗಿದರೆ ಅದಕ್ಕಿಂತ ಟೈಲ್ಸ್ ಹಾಕದಿರುವುದೇ ವಾಸಿ. ಗಟಾರದ ಮೇಲಿನ ಕಲ್ಲುಚಪ್ಪಡಿಯನ್ನು ಫುಟ್‌ಪಾತ್ ಅಂತ ಬಿಲ್ ಮಾಡುವವರ ಬಗ್ಗೆ ಏನು ಹೇಳುವುದು!

ಶಕ್ತಿ ಯೋಜನೆ 2023ರ ಜೂನ್ 11ರಂದು ಬಂತು, ಹೆಣ್ಣುಮಕ್ಕಳ ಟಿಕೆಟ್ ರೊಕ್ಕ ಉಳಿಯಿತು. ಮೆಟ್ಟಿಲು ಮಾತ್ರ ತಗ್ಗಲಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ರಸ್ತೆಯಿಂದ 40 ಸೆಂ.ಮೀ. ಇದ್ದರೆ, 15 ಸೆಂ.ಮೀ.ನ ಕಟ್ಟೆಯಿಂದ ಹತ್ತುವವರಿಗೆ ಅದು 25ಕ್ಕಿಳಿಯುತ್ತದೆ. ಆದರೆ ಬಸ್ಸು ಕಟ್ಟೆಗೆ ತಾಗಿ ನಿಲ್ಲಬೇಕು. ಅಲ್ಲಿ ಟಂಟಂ ಆಟೊ ಸಾಲುಗಟ್ಟಿದ್ದರೆ ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತದೆ, ಕಟ್ಟೆಗೆ ಹಾಕಿದ ರೊಕ್ಕ ನೀರುಪಾಲು. ತಂಗುದಾಣದ ಬಾಯಿ ಪಡುವಣಕ್ಕಿದ್ದರೆ ಏಪ್ರಿಲ್‌ನ ನಾಲ್ಕು ಗಂಟೆಗೆ ಒಳಗೆ ಕೂಡಲಾಗದು. ಜನ ಅದರ ಹಿಂದಿನ ನೆರಳಿಗೆ ಹೋಗುತ್ತಾರೆ, ಯಾರೂ ಇಲ್ಲವೆಂದು ಡ್ರೈವರ್ ಮುಂದೆ ಹೋಗುತ್ತಾನೆ. ಒಂದು ಬೇವಿನ ಗಿಡ ಆ ತಗಡಿಗಿಂತ ಮೇಲು. ಆದರೆ ಅದನ್ನು ರಸ್ತೆಯ ಅಂಚಿಗೆ ಹಚ್ಚಿ, ನಡೆಯಲು 1.8 ಮೀಟರ್ ಬಿಟ್ಟು.

ಹಳೆ ಫುಟ್‌ಪಾತಿನ ಅಂಚು ಒಡೆದು ಕಟ್ಟಲು ದುಡ್ಡು ಬೇಕು. ಹೊಸ ಬಡಾವಣೆಯಲ್ಲಿ ಇದು ಬರೀ ಡ್ರಾಯಿಂಗಿನ ಗೆರೆ. ಮೋಟಾರು ವಾಹನ ಕಾಯ್ದೆಯ 198ಎ ಕಲಂ 2019ರಲ್ಲಿ ಸೇರಿತು: ರಸ್ತೆ ವಿನ್ಯಾಸದ ನಿಯಮ ಮುರಿದು ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಫುಟ್‌ಪಾತ್ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಕೆಟ್ಟ ಕೆಲಸ ಕಂಡರೆ ಅದನ್ನು ಮಾಡಿಸುವ ಕಚೇರಿಗೆ ಅರ್ಜಿ ಕೊಡಿ, ಅದರಲ್ಲಿ ಇವೆರಡನ್ನೂ ಬರೆಯಿರಿ. ಜೊತೆಗೆ ಫೋಟೋ, ಟೇಪಿನ ಅಳತೆ, ಮೊಬೈಲಿನ ಲೆವೆಲ್ ಆ್ಯಪ್ ತೋರಿಸಿದ ಕೋನ ಹಾಕಿ. 1:12 ಅಂದರೆ 4.8 ಡಿಗ್ರಿ, ಆ್ಯಪ್ 14 ತೋರಿಸಿದರೆ ಅದು ಆ ಎರಡು ಬುಟ್ಟಿ ಕಾಂಕ್ರೀಟು. ಬಿಲ್ ಪಾಸಾಗುವ ಮೊದಲೇ ಕೊಡಿ, ಆಮೇಲೆ ಗುತ್ತಿಗೆದಾರ ಫೋನ್ ಎತ್ತುವುದಿಲ್ಲ.