ಕತ್ತಿ ಬೀಸಲು ಬಿಡಿ, ಬುದ್ಧಿ ಆಮೇಲೆ ಹೇಳಿ

ಗೊತ್ತಿರುವ ಸಂಗತಿಯನ್ನೇ ಹೊಸದಾಗಿ ತಿಳಿಸಿಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಚೇರಿಯಲ್ಲಿ ಅಂಥವರಿದ್ದಾರೆ, ನೆಂಟರಲ್ಲಿ ಎಷ್ಟಿದ್ದಾರೆಂದು ಎಣಿಸಲು ಹೋಗುವುದೇ ಬೇಡ. ಇವರೆಲ್ಲರ ಕಾಟ ತಪ್ಪಲಿ ಎಂದು ಒಂದು ವಿಡಿಯೊ ಗೇಮ್ ಹಚ್ಚಿದರೆ ಅದರೊಳಗೂ ಅಂಥ ಜೀವವೇ ನನಗಾಗಿ ಕಾದಿರಬೇಕೆ?

ಆಟದ ಹೆಸರು ‘ದಿ ಲೆಜೆಂಡ್ ಆಫ್ ಝೆಲ್ಡಾ: ಸ್ಕೈವರ್ಡ್ ಸ್ವೋರ್ಡ್’. 2011ರಲ್ಲಿ ನಿಂಟೆಂಡೊ ಕಂಪನಿಯ ವೀ ಎಂಬ ಆಟದ ಯಂತ್ರಕ್ಕೆ ಬಂದದ್ದು. 2021ರಲ್ಲಿ ಚಿತ್ರಗಳನ್ನು ತಿದ್ದಿ ತೀಡಿ ಅದೇ ಕಂಪನಿಯ ಇನ್ನೊಂದು ಯಂತ್ರ ಸ್ವಿಚ್‌ಗೆ ತಂದರು. ನಾನು ಆಡುತ್ತಿರುವುದು ಈ ಎರಡನೆಯದನ್ನು. ಎರಡೂ ಕೈಯಲ್ಲಿ ಹಿಡಿಯುವ ಪುಟ್ಟ ಕಂಟ್ರೋಲರುಗಳಲ್ಲಿ ಬಲಗೈಯದು ಕತ್ತಿ, ಎಡಗೈಯದು ಗುರಾಣಿ. ಕೈ ಅಡ್ಡ ಬೀಸಿದರೆ ಪರದೆಯ ಮೇಲಿನ ಹುಡುಗ ಲಿಂಕ್ ಅಡ್ಡ ಬೀಸುತ್ತಾನೆ, ಮೇಲಿನಿಂದ ಇಳಿಸಿದರೆ ಅವನೂ ಇಳಿಸುತ್ತಾನೆ. ಕಾಡಿನಲ್ಲಿ ಬಾಯಿ ತೆರೆದು ಕಚ್ಚಲು ಬರುವ ಒಂದು ಗಿಡವಿದೆ. ಬಾಯಿ ಅಡ್ಡಕ್ಕೆ ತೆರೆದರೆ ಅಡ್ಡ ಹೊಡೆಯಬೇಕು, ಉದ್ದಕ್ಕೆ ತೆರೆದರೆ ಉದ್ದ. ಮೊದಲ ಗುಡಿಯ ಒಂದು ಬಾಗಿಲ ಮೇಲೆ ದೊಡ್ಡ ಕಣ್ಣೊಂದಿದೆ. ಕತ್ತಿಯ ತುದಿ ಎತ್ತ ಹೋದರೆ ಅದರ ನೋಟ ಅತ್ತ. ಕತ್ತಿಯನ್ನು ಅದರೆದುರು ಗರಗರ ತಿರುಗಿಸಿದರೆ ಕಣ್ಣಿಗೆ ತಲೆ ಸುತ್ತು ಬಂದು ಬಾಗಿಲು ತೆರೆದುಕೊಳ್ಳುತ್ತದೆ. ಇದನ್ನು ಹೊಳೆಯಿಸಿಕೊಂಡವರಿಗೆ ಧಾರವಾಡದ ಫೇಡೆ ಕಟ್ಟಿ ಕಳುಹಿಸಬೇಕು, ಅಷ್ಟು ಚೆನ್ನಾಗಿದೆ.

ಆದರೆ ಅಲ್ಲಿಗೆ ತಲುಪಲು ಬಿಡಬೇಕಲ್ಲ! ಮೋಡಗಳ ಮೇಲೆ ತೇಲುವ ಸ್ಕೈಲಾಫ್ಟ್ ಎಂಬ ಊರಿನಲ್ಲಿ ಕಥೆ ಶುರು. ಅಲ್ಲಿ ಎಲ್ಲರೂ ಉಪದೇಶಕರೇ. ಲಿಂಕ್ ಏರಿ ಹಾರುವ ಹಕ್ಕಿ ಕಳೆದಿದೆ, ಹೋಗಿ ಅವರನ್ನು ಕೇಳು. ಅವರು ಇವರನ್ನು ಕೇಳು ಎನ್ನುತ್ತಾರೆ. ಕೈಗೆ ಕತ್ತಿ ಕೊಟ್ಟವರು ಮರದ ದಿಮ್ಮಿಗಳ ಮುಂದೆ ನಿಲ್ಲಿಸಿ ಅಡ್ಡ ಹೊಡೆ, ಉದ್ದ ಹೊಡೆ, ಓರೆಯಾಗಿ ಹೊಡೆ ಎಂದು ಪಾಠ ಮಾಡುತ್ತಾರೆ. ಇದೆಲ್ಲ ಮುಗಿದು ನೆಲಕ್ಕೆ ಇಳಿಯುವ ಹೊತ್ತಿಗೆ ಒಂದು ಸಂಜೆ ಪೂರ್ತಿ ಹೋಗಿರುತ್ತದೆ.

ಇಳಿಯುವಾಗ ಜೊತೆಗೆ ಬರುವವಳು ಫೈ, ಕತ್ತಿಯೊಳಗಿನ ಆತ್ಮ. ಮುಂದೆ ಒಂದೇ ದಾರಿಯಿದ್ದರೂ ಅವಳು ಎದ್ದು ಬಂದು, ಇದೇ ದಾರಿ ಸರಿಯಾಗಿರುವ ಸಂಭವ ಇಷ್ಟು ಶೇಕಡಾ ಎನ್ನುತ್ತಾಳೆ. ಊರಿನವರು ಒಂದು ಮಾತು ಹೇಳಿ ಬಾಯಿ ಮುಚ್ಚುವುದರೊಳಗೆ ಅದೇ ಮಾತನ್ನು ಇವಳು ಇನ್ನೊಮ್ಮೆ ವರದಿ ಮಾಡುತ್ತಾಳೆ. ಪಂಕ್ತಿಯಲ್ಲಿ ಕುಳಿತವನಿಗೆ ಇದು ಅನ್ನ, ಇದು ಸಾರು, ಕಲಸಿಕೊಂಡು ಉಣ್ಣಬೇಕು ಎಂದು ಹೇಳಿ ಬಡಿಸಿದ ಹಾಗೆ. 2011ರ ಆವೃತ್ತಿಯಲ್ಲಿ ರಿಮೋಟಿನ ಬ್ಯಾಟರಿ ಇಳಿದರೂ ಇವಳೇ ಬಂದು ಎಚ್ಚರಿಸುತ್ತಿದ್ದಳು. ಆಟ ನಿಲ್ಲಿಸಿ ಮತ್ತೆ ಹಚ್ಚಿದಾಗಲೆಲ್ಲ, ಹಿಂದೆಯೇ ಹೆಕ್ಕಿದ್ದ ಹುಳು ಹುಪ್ಪಡಿಯ ವಿವರವೂ ಹೊಸದಾಗಿ ತೆರೆದುಕೊಳ್ಳುತ್ತಿತ್ತು. ಹೊಸ ಆವೃತ್ತಿಯಲ್ಲಿ ಅವಳ ಸಲಹೆಗಳಲ್ಲಿ ಬಹಳಷ್ಟನ್ನು ಬೇಕಾದರೆ ಕೇಳು ಎಂದು ಬಿಟ್ಟಿದ್ದಾರೆ, ಮಾತನ್ನು ಬೇಗ ಓಡಿಸಲು ಗುಂಡಿಯನ್ನೂ ಕೊಟ್ಟಿದ್ದಾರೆ. ಕಡಿಮೆ ಮಾಡಿದ ಮೇಲೆ ಇಷ್ಟು! ಹತ್ತು ವರ್ಷ ಮೂಲ ಆಟವನ್ನು ಆಡಿದವರ ತಾಳ್ಮೆಗೆ ದೂರದಿಂದಲೇ ಕೈ ಮುಗಿಯುತ್ತೇನೆ.

ಇನ್ನು ಮನೆ. ಧಾರವಾಡದ ಮಾಳಮಡ್ಡಿಯ ಹಳೆಯ ಮನೆ ನಮ್ಮದು; ಪಡಸಾಲೆಯಲ್ಲೇ ಟಿವಿ, ಪಡಸಾಲೆಯಲ್ಲೇ ಕಾಕಾನ ಆರಾಮಕುರ್ಚಿ, ಶ್ರಾವಣದ ಜಿಟಿಜಿಟಿ ಮಳೆಗೆ ಅವ್ವ ಅರಿವೆ ಒಣಹಾಕುವ ಹಗ್ಗವೂ ಅಲ್ಲೇ. ಆಟದಲ್ಲಿ ಕತ್ತಿಯನ್ನು ಆಕಾಶಕ್ಕೆ ಎತ್ತಿ ಹಿಡಿದರೆ ಅಲಗಿಗೆ ಬೆಳಕು ತುಂಬುತ್ತದೆ, ಬೀಸಿದರೆ ಆ ಬೆಳಕು ಹಾರಿ ಹೋಗಿ ಶತ್ರುವಿಗೆ ಬಡಿಯುತ್ತದೆ. ನಾನು ಎತ್ತಿದರೆ ಕೈಗೆ ಸಿಗುವುದು ಕಾಕಾನ ಹಸಿ ಧೋತರ. ಬೆಳಕು ತುಂಬುವಷ್ಟರಲ್ಲಿ ತೋಳಿನೊಳಗೆ ನೀರು ಇಳಿದಿರುತ್ತದೆ.

“ಇಷ್ಟು ಜೋರಾಗಿ ಬೀಸುತ್ತಾರೇನೋ? ಮಣಿಕಟ್ಟಿನಿಂದ ಹೊಡೆಯಬೇಕು,” ಎನ್ನುತ್ತಾರೆ ಕಾಕಾ, ಪತ್ರಿಕೆಯಿಂದ ಕಣ್ಣು ತೆಗೆಯದೆ. ಜೀವಮಾನದಲ್ಲಿ ತೆಂಗಿನಕಾಯಿ ಒಡೆದದ್ದು ಬಿಟ್ಟರೆ ಅವರು ಏನನ್ನೂ ಹೊಡೆದವರಲ್ಲ.

ಕತ್ತಿ ಓರೆಯಾಗುವುದಕ್ಕೂ ಅವರ ಬಳಿ ಕಾರಣ ಸಿದ್ಧ: ನಾನು ನಿಂತ ರೀತಿ ಸರಿಯಿಲ್ಲವಂತೆ. ಕಾರಣ ಅದಲ್ಲ. ಕಂಟ್ರೋಲರಿನೊಳಗಿನ ಜೈರೊಸ್ಕೋಪ್ ಅಳೆಯುವುದು ಕೈ ಎಷ್ಟು ವೇಗವಾಗಿ ತಿರುಗಿತು ಎಂಬುದನ್ನು ಮಾತ್ರ. ಆ ವೇಗಗಳನ್ನು ಕೂಡಿಸುತ್ತ ಹೋಗಿ ಕತ್ತಿ ಎತ್ತ ಮುಖ ಮಾಡಿದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಕೂಡುವಾಗ ಕೂದಲೆಳೆಯಷ್ಟು ತಪ್ಪು ಸೇರಿಕೊಳ್ಳುತ್ತ ಹೋದರೆ ನಡುಬಿಂದು ಪಕ್ಕಕ್ಕೆ ಸರಿದುಬಿಡುತ್ತದೆ. ಅದಕ್ಕೆಂದೇ ವೈ ಗುಂಡಿ ಇದೆ. ಒತ್ತಿದರೆ ಮತ್ತೆ ನಡುವಿಗೆ ಬರುತ್ತದೆ. ಇಷ್ಟನ್ನು ಬಿಡಿಸಿ ಹೇಳಿದೆ. “ಅದೇ ನಾನು ಹೇಳಿದ್ದು, ನೆಟ್ಟಗೆ ನಿಲ್ಲು,” ಎಂದರು.

ಬೀಸುವ ಗೊಡವೆಯೇ ಬೇಡ ಎನ್ನುವವರಿಗೆ ಗುಂಡಿಗಳಲ್ಲೇ ಆಡುವ ದಾರಿಯನ್ನು 2021ರಲ್ಲಿ ಕೊಟ್ಟಿದ್ದಾರೆ. ಆಗ ಕಂಟ್ರೋಲರಿನ ಬಲಗಡೆ ಹೆಬ್ಬೆರಳಿನಿಂದ ಆಡಿಸುವ ಕಡ್ಡಿಯೇ ಕತ್ತಿ. ಸುತ್ತ ನೋಡಬೇಕೆಂದರೆ ಎಲ್ ಗುಂಡಿಯನ್ನು ಒತ್ತಿ ಹಿಡಿದು ಅದೇ ಕಡ್ಡಿಯನ್ನು ಆಡಿಸಬೇಕು. ಇಂಥ ಆಟವನ್ನು ತಂದು ಹೆಬ್ಬೆರಳಿನಲ್ಲಿ ಕತ್ತಿವರಸೆ ಮಾಡಲು ನನಗೇನು ಗತಿಗೇಡೆ?

ನಿಜವಾಗಿ ತಲೆ ಕೆಟ್ಟದ್ದು ನಿನ್ನೆ. ಮೊದಲ ಗುಡಿಯ ಕೊನೆಯಲ್ಲಿ ಗಿರಾಹಿಮ್ ಎಂಬ ಬಿಳಿಗೂದಲಿನ ಖಳ ಎದುರಾಗುತ್ತಾನೆ. ನಾನು ಹೊಡೆದ ಕತ್ತಿಯನ್ನು ಎರಡು ಬೆರಳಲ್ಲಿ ಹಿಡಿದು ನಗುತ್ತಾನೆ. ಎತ್ತ ಕತ್ತಿ ಹಿಡಿದರೆ ಅತ್ತ ಅವನ ಕೈ. ಮತ್ತೆ ಹೊಡೆದೆ, ಮತ್ತೆ ಹಿಡಿದ. ಫೈ ಬಾಯಿ ಬಿಡಲಿಲ್ಲ, ಕಾಕಾ ತೂಕಡಿಸುತ್ತಿದ್ದರು. ಅವನ ಕೈ ನನ್ನ ಕತ್ತಿಯನ್ನು ಹಿಂಬಾಲಿಸುತ್ತಿದೆ ಎಂಬುದು ಕಣ್ಣಿಗೆ ಬಿತ್ತು, ಬಾಗಿಲ ಮೇಲಿನ ಕಣ್ಣು ನೆನಪಾಯಿತು, ಇನ್ನೇನು ಗುಟ್ಟು ಹೊಳೆಯುವುದರಲ್ಲಿತ್ತು.

“ಮಾಮಾ, ಕತ್ತಿಯನ್ನು ಎಡಕ್ಕೆ ಹಿಡಿಯಿರಿ, ಅವನ ಕೈ ಅತ್ತ ಬಂದ ಕೂಡಲೇ ಬಲದಿಂದ ಹೊಡೆಯಿರಿ,” ಎಂದ ಅಕ್ಕನ ಮಗ. ಅವನು ಮೊಬೈಲಿನಲ್ಲಿ ಈ ಕಾಳಗವನ್ನು ಮೊದಲೇ ನೋಡಿಟ್ಟಿದ್ದನಂತೆ.

ನಾನು ಆಟ ನಿಲ್ಲಿಸಿಬಿಟ್ಟೆ. ಬರುವ ಭಾನುವಾರ ಇವರೆಲ್ಲ ಗದಗಿನ ಅತ್ತೆಯ ಮನೆಗೆ ಸತ್ಯನಾರಾಯಣ ಪೂಜೆಗೆ ಹೊರಟಿದ್ದಾರೆ. ನಾನು ಬರುವುದಿಲ್ಲ ಎಂದು ಅವ್ವನಿಗೆ ಹೇಳಿಯಾಗಿದೆ. ಹೋಗುವಾಗ ಆ ಹಗ್ಗವನ್ನೂ ಬಿಚ್ಚಿಟ್ಟು ಹೋಗಲಿ.