ಸ್ಪೋರ್ಟ್ಸ್ ಕಾರಿನ ದಾಯಾದಿ

ನಮ್ಮ ಶೆಡ್ಡಿನಲ್ಲಿ ನಿಂತಿರುವುದು ಸ್ಪೋರ್ಟ್ಸ್ ಕಾರು ಎಂದರೆ ದಾವಣಗೆರೆಯಲ್ಲಿ ಯಾರೂ ನಂಬುವುದಿಲ್ಲ. ಅದು 1964ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು, ಮದ್ರಾಸಿನಲ್ಲಿ ತಯಾರಾದದ್ದು. ಆದರೆ ಇದೇ ಹೆರಾಲ್ಡ್‌ನ ಷಾಸಿಯನ್ನು, ಅಂದರೆ ಅಡಿಯ ಚೌಕಟ್ಟನ್ನು, ಗಿಡ್ಡ ಮಾಡಿ ಇಂಗ್ಲೆಂಡಿನವರು 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಅಸಲಿ ಸ್ಪೋರ್ಟ್ಸ್ ಕಾರು ಕಟ್ಟಿದರು. ಎರಡರ ಮೈಕಟ್ಟನ್ನೂ ಬರೆದವನು ಇಟಲಿಯ ಮಿಕೆಲೊಟ್ಟಿ. ಅಂದಮೇಲೆ ದಾಯಾದಿಗಳೇ ತಾನೆ? "ದಾಯಾದಿ ಓಡ್ತಾನೆ, ನಿಮ್ಮೋನು ಮಲ್ಕಂಡಾನೆ" ಎನ್ನುವುದು ನನ್ನ ಹೆಂಡತಿಯ ವಾದ.

ಹೋದ ಬೇಸಿಗೆಯಲ್ಲಿ ಮಲಗಿದವನ ಬ್ರೇಕ್ ಪೈಪು, ಅಂದರೆ ಪೆಡಲ್ ಒತ್ತಿದಾಗ ಚಕ್ರದವರೆಗೆ ಬ್ರೇಕ್ ಆಯಿಲ್ ಒಯ್ಯುವ ಪೈಪು, ಬದಲಾಯಿಸಲು ಕೂತೆ. ಹಳೆಯವು ತುಕ್ಕು ಹಿಡಿದು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಜೋಪಾನವಾಗಿ ಬಿಚ್ಚಿ, ಅವುಗಳ ಸೊಟ್ಟ ನೋಡಿಕೊಂಡೇ ಹೊಸದನ್ನು ಬಗ್ಗಿಸೋಣವೆಂದು ಜಗಲಿಯ ಮೇಲೆ ಸಾಲಾಗಿಟ್ಟು ಆಫೀಸಿಗೆ ಹೋದೆ. ಸಂಜೆ ಬಂದಾಗ ಅವ್ವ ಅವನ್ನೆಲ್ಲ ಗುಜರಿಯವನಿಗೆ ಹಾಕಿ ಒಂದು ಪ್ಲಾಸ್ಟಿಕ್ ಬುಟ್ಟಿ ತಗೊಂಡಿದ್ದಳು. ಬುಟ್ಟಿ ಚೆನ್ನಾಗಿಯೇ ಇತ್ತು. ಬಿಚ್ಚುವ ಮೊದಲು ಫೋಟೊ ತೆಗೆಯಬೇಕೆಂದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಮೊಬೈಲು ಚಾರ್ಜಿಗಿತ್ತು.

ಪುಣ್ಯಕ್ಕೆ ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೆ, ಅವು ಉಳಿದವು. ಹೆರಾಲ್ಡ್‌ಗೆ ಬೇಕಾದದ್ದು ತ್ರೀ ಬೈ ಎಯ್ಟ್ ಇಂಚಿನ ನಟ್ಟು, ಅಂದರೆ 9.5 ಮಿ.ಮೀ. ಈಗಿನ ಗಾಡಿಗಳದ್ದು 10 ಮಿ.ಮೀ. ಅರ್ಧ ಮಿಲಿಮೀಟರಿನ ವ್ಯತ್ಯಾಸ, ಆದರೂ ಒಂದರ ಮನೆಗೆ ಇನ್ನೊಂದು ಕಾಲಿಡುವುದಿಲ್ಲ.

ಪೈಪಿಗೆಂದು ಪಿ.ಬಿ. ರಸ್ತೆಗೆ ಹೋದೆ. "ಫ್ರಿಜ್ ರಿಪೇರಿಯೋರ ತಾಮ್ರದ ಪೈಪ್ ಹಾಕ್ರಿ ಸರ, ಬಗ್ಸಕ್ಕೆ ಬೆಣ್ಣೆ ಇದ್ದಂಗೆ" ಎಂದರು ಅಂಗಡಿ ಮುಂದೆ ನಿಂತಿದ್ದವರೊಬ್ಬರು. ಈ ಊರಿನಲ್ಲಿ ಬೆಣ್ಣೆ ಎಂದರೆ ಯಾರ ಮನಸ್ಸು ಕರಗುವುದಿಲ್ಲ? ಆದರೆ ಬರೀ ತಾಮ್ರ ಗಾಡಿಯ ಅದುರುವಿಕೆಗೆ ಗಡುಸಾಗುತ್ತಾ ಹೋಗಿ ಒಂದು ದಿನ ಬಿರುಕು ಬಿಡುತ್ತದೆ. ಬಿಡುವುದು ಇಳಿಜಾರಿನಲ್ಲೇ. ಹಾಗಾಗಿ ನೂರಕ್ಕೆ 90 ತಾಮ್ರ, 10 ನಿಕಲ್ ಬೆರೆತ ಪೈಪು ತರಿಸಿದೆ. ಒಂದು ಸುರುಳಿ 25 ಅಡಿ. ಹೆರಾಲ್ಡ್ ಪೂರ್ತಿ ಒಂದು ಸುತ್ತು ತಿರುಗಲು ಬೇಕಾದ ಜಾಗವೂ 25 ಅಡಿಯೇ. ಇದರಿಂದ ಏನೂ ಸಿದ್ಧವಾಗುವುದಿಲ್ಲ, ನನಗೆ ಮಾತ್ರ ಶುಭಶಕುನದಂತೆ ಕಂಡಿತು.

ಪೈಪಿನ ತುದಿಯನ್ನು ಉಪಕರಣದಲ್ಲಿ ಕಚ್ಚಿಸಿ, ತಿರುಪು ಬಿಗಿದು ಬಾಯಿ ಅರಳಿಸಬೇಕು. ಆ ಅರಳಿದ ಬಾಯಿಯನ್ನೇ ನಟ್ಟು ಒತ್ತಿ ಹಿಡಿಯುವುದು. ಮೊದಲ ಬಾಯಿ ಮಲ್ಲಿಗೆ ಮೊಗ್ಗಿನಂತೆ ಬಂತು. ಎರಡನೇ ತುದಿಯದ್ದು ಇನ್ನೂ ಚಂದ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ತಿರುಗಿಸಿ ಮುರುಗಿಸಿ ನೋಡಿ, "ನಟ್ ಎಲ್ಲಿ?" ಎಂದಳು. ನಟ್ಟು ಬುಟ್ಟಿಯಲ್ಲಿತ್ತು. ಅರಳಿದ ಬಾಯಿಯ ಮೇಲೆ ಅದು ಇನ್ನು ಜನ್ಮದಲ್ಲಿ ಇಳಿಯುವುದಿಲ್ಲ. "ಲಂಗಕ್ಕೆ ಲಾಡಿ ತೂರಿಸ್ದೆ ಎರಡೂ ತುದಿಗೆ ಗಂಟು ಹಾಕಿದಂಗಾತು ಬಿಡ್ರಿ." ತುದಿ ಕತ್ತರಿಸಿ ಮತ್ತೆ ಶುರು ಮಾಡಿದೆ. ಮೂರನೇ ಸಲ ನಟ್ಟು ಹಾಕಿದೆ, ಉಲ್ಟಾ ಹಾಕಿದೆ. ಷಾಸಿಗೆ ಅಳತೆ ಮಾಡಿದ್ದ ಪೈಪು ಅಷ್ಟರಲ್ಲಿ ಎರಡು ಇಂಚು ಮೋಟಾಗಿತ್ತು.

ಬಗ್ಗಿಸುವುದಕ್ಕೆ ಅಡುಗೆಮನೆಯ ಲಟ್ಟಣಿಗೆ ಹೇಳಿ ಮಾಡಿಸಿದಂತಿತ್ತು. ಅದಕ್ಕೆ ಗ್ರೀಸು ಹತ್ತಿದ್ದು ಗೊತ್ತಾದ ಮೇಲೆ ಒಂದು ವಾರ ಚಪಾತಿ ಬಂದ್. ಜೋಳದ ರೊಟ್ಟಿ ಕೈಯಲ್ಲೇ ತಟ್ಟುವುದರಿಂದ ನಾವು ಉಪವಾಸ ಬೀಳಲಿಲ್ಲ.

ಇನ್ನು ದಾರಿ. ಹಳೆಯ ಪೈಪು ಎಲ್ಲಿ ಹಾದುಹೋಗಿತ್ತೆಂದು ಹೇಳಬೇಕಾದದ್ದು ಗುಜರಿ ಸೇರಿತ್ತಲ್ಲ. ಗಾಡಿಯಡಿ ಚಾಪೆ ಹಾಸಿ ಮಲಗಿ, ಬೈಂಡಿಂಗ್ ವೈರ್ ಹಿಡಿದು ದಾರಿ ಹುಡುಕಿದೆ. ಷಾಸಿಯ ಪಕ್ಕದಲ್ಲೇ ಮುಂದಿನಿಂದ ಹಿಂದಿನವರೆಗೂ ಅಡೆತಡೆಯಿಲ್ಲದ ಹೆದ್ದಾರಿಯಂಥ ಜಾಗ! ಇಷ್ಟು ಒಳ್ಳೆಯ ಜಾಗವನ್ನು ಕಂಪನಿಯವರು ಯಾಕೆ ಖಾಲಿ ಬಿಟ್ಟರೋ ಎಂದು ಅವರ ಬುದ್ಧಿಗೆ ಮರುಗುತ್ತಾ, ಗೇಣಿಗೊಂದು ಕ್ಲಿಪ್ಪು ಹೊಡೆದು ಪೈಪು ಎಳೆದೆ.

ಪೈಪಿನೊಳಗೆ ಸೇರಿದ ಏರ್ ತೆಗೆಯುವ ದಿನ ಹೆಂಡತಿ ಸೀಟಿನಲ್ಲಿ, ನಾನು ಎಲ್ಲಕ್ಕಿಂತ ದೂರದ ಹಿಂದಿನ ಎಡಚಕ್ರದ ಬಳಿ. "ಒತ್ತು... ಹಿಡಿ... ಬಿಡು." ನಾನು ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿದಾಗ ಅವಳು ಪೆಡಲ್ ಬಿಡಕೂಡದು, ಬಿಟ್ಟರೆ ಹೋದ ಗಾಳಿ ವಾಪಸ್ ಒಳಗೆ. ಸರಿಯಾಗಿ ಆ ಗಳಿಗೆಗೇ ಕುಕ್ಕರ್ ಮೂರನೇ ಸಲ ಕೂಗಿತು. ಅವಳು ಓಡಿದಳು. ಬೇಳೆ ಉಳಿಯಿತು. ಗಡಿಬಿಡಿಯಲ್ಲಿ ಬ್ರೇಕ್ ಆಯಿಲ್ ಡಬ್ಬಿ ಹೊಸ ಪೇಂಟಿನ ಮೇಲೆ ಉರುಳಿತು. ಕೂಡಲೇ ನೀರು ಹೊಯ್ದಿದ್ದರೆ ತೊಳೆದು ಹೋಗುತ್ತಿತ್ತು. ನಾನು ಬಟ್ಟೆಯಿಂದ ತಿಕ್ಕಿದೆ. ಆಯಿಲ್ಲೂ ಬಂತು, ಪೇಂಟೂ ಬಂತು.

ಕೊನೆಗೂ ಪೆಡಲ್ ಕಲ್ಲಿನಂತೆ ನಿಂತಿತು. ಹಳೇ ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದೆ. ಅವರು ಚಾಪೆಯ ಮೇಲೆ ಮಲಗಿ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು.

"ಲೈನ್ ಭಾರಿ ಐತ್ರಿ ಸರ. ಗೆರೆ ಹೊಡ್ದಂಗೆ."

ನಾನು ಉಬ್ಬಿದೆ.

"ಸೈಲೆನ್ಸರ್ ಎಲ್ಲಿ ಕೂರಿಸ್ತೀರಿ?"

ಸೈಲೆನ್ಸರ್ ಪೇಂಟು ಒಣಗಲೆಂದು ಮೂರು ತಿಂಗಳಿಂದ ತಾರಸಿ ಮೇಲಿತ್ತು. ಆ ಹೆದ್ದಾರಿ ಅದರದ್ದು. ಅದರ ಕಾವಿಗೆ ಬ್ರೇಕ್ ಆಯಿಲ್ ಕುದಿಯುತ್ತದೆ. ಡಾಟ್ 3 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೆ ತಡೆದರೂ, ತೇವ ಹೀರಿದ ಮೇಲೆ 140ಕ್ಕೇ ಕುದಿಬರುತ್ತದೆ. ಆಮೇಲೆ ಪೆಡಲ್ ಒತ್ತಿದರೆ ನೆಲ ಸಿಗುತ್ತದೆ, ಬ್ರೇಕ್ ಸಿಗುವುದಿಲ್ಲ. ಮೇಸ್ತ್ರಿ ಷಾಸಿಯ ಆಚೆ ಮಗ್ಗುಲು ತೋರಿಸಿ, ಚಹಾ ಕುಡಿದು ಹೋದರು.

ಎಲ್ಲ ಬಿಚ್ಚಿ, ಮತ್ತೊಂದು ಸುರುಳಿ ತರಿಸಿದೆ. ತಾರಸಿಯಿಂದ ಸೈಲೆನ್ಸರ್ ಇಳಿಸಿ ಅದರ ಜಾಗದಲ್ಲಿ ಮೊದಲು ಅದನ್ನು ಕೂರಿಸಿದೆ. ಅದಕ್ಕೆ ತಾಕದಂತೆ ಪೈಪು ಅಳೆದು, ಬಗ್ಗಿಸಿ, ಮೊನ್ನೆ ಭಾನುವಾರ ಎರಡೂ ತುದಿಗೆ ಬಾಯಿ ಅರಳಿಸಿದೆ. ಒಂದೇ ಏಟಿಗೆ, ಮಲ್ಲಿಗೆ ಮೊಗ್ಗಿನಂತೆ. ಬೆವರೊರೆಸಿಕೊಂಡು ತಲೆಯೆತ್ತಿದರೆ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬುಟ್ಟಿ.

"ರೀ, ಇದ್ರಾಗೆ ಎರಡು ನಟ್ ಅದಾವಲ್ರಿ?"